ಕಪ್ಪು ಕಿಟಕಿಯ ಒಳಗೆ: ಟರ್ಮಿನಲ್ ಸಜ್ಜು ಮಾಡಿಕೊಳ್ಳುವ ಬಗೆ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತವರಿಗೆ ಉಬುಂಟು (ವಿಂಡೋಸಿನ ಬದಲು ಬಳಸುವ ಲಿನಕ್ಸ್ ವ್ಯವಸ್ಥೆ) ಹೊಸತಲ್ಲ. ಐಟಿ@ಸ್ಕೂಲ್ ಯೋಜನೆ ಇದ್ದಾಗಲೂ, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾದ ಮೇಲೂ ಕೇರಳದ ಶಾಲಾ ಲ್ಯಾಬುಗಳಲ್ಲಿ ಓಡುತ್ತಿರುವುದು ಗ್ನು/ಲಿನಕ್ಸ್. ಈಗಿನದು ಉಬುಂಟು 22.04ನ್ನು ಆಧರಿಸಿದ್ದು. ಹೈಸ್ಕೂಲು ಮುಗಿಯುವಷ್ಟರಲ್ಲಿ ಮಂಜೇಶ್ವರದ ಹುಡುಗಿಗೂ ಮುಳ್ಳೇರಿಯದ ಹುಡುಗನಿಗೂ ಜಿಂಪ್, ಇಂಕ್‌ಸ್ಕೇಪ್ ಎಂಬ ಚಿತ್ರದ ತಂತ್ರಾಂಶಗಳು ಕೈಗೆ ಹತ್ತಿರುತ್ತವೆ. ಅದೇ ಮೆನುವಿನಲ್ಲಿರುವ ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ಮಾತ್ರ ಹೆಚ್ಚಿನವರು ಒಮ್ಮೆ ತೆರೆದು ಮುಚ್ಚಿದ್ದಷ್ಟೆ. (ಉಬುಂಟುವಿನಲ್ಲಿ ಅದು ಕಪ್ಪೂ ಅಲ್ಲ, ಬದನೆಕಾಯಿ ಬಣ್ಣ.)

ಪೊವ್ವಲ್‌ನಲ್ಲೋ ಪೆರಿಯದಲ್ಲೋ ಮಂಗಳೂರಿನಲ್ಲೋ ಕಾಲೇಜು ಸೇರಿದ ಮೊದಲ ವಾರ, ಇಲ್ಲವೇ ಕೆಲಸಕ್ಕೆ ಸೇರಿದ ಮೊದಲ ದಿನ, ಆ ಕಿಟಕಿಯೇ ಎದುರಾಗುತ್ತದೆ. ಸರ್ವರಿಗೆ ಹೋಗಬೇಕೆಂದರೆ ಅದೇ ದಾರಿ. ಕೋಡ್ ಬರೆದುಕೊಡುವ ಎಐ ಸಹಾಯಕಗಳೂ ಈಗ ಅಲ್ಲೇ ಓಡತೊಡಗಿವೆ. ಅದರ ಹೊಂದಿಕೆಯೆಲ್ಲ ಇರುವುದು ಹತ್ತಾರು ಸಾದಾ ಪಠ್ಯದ ಫೈಲುಗಳಲ್ಲಿ. ಯಾವ ಫೈಲನ್ನು ಯಾರು ಯಾವಾಗ ಓದುತ್ತಾರೆ ಎಂದು ಗೊತ್ತಿದ್ದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಇಲ್ಲಿ ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ. ಚಿಹ್ನೆಗಳು ಇದ್ದ ಹಾಗೆಯೇ.

## ರಂಗಸ್ಥಳ, ಭಾಗವತ, ವೇಷ

ಟರ್ಮಿನಲ್, ಶೆಲ್, ಪ್ರೋಗ್ರಾಂ ಎಂಬವು ಮೂರು ಬೇರೆ ಬೇರೆ ವಸ್ತುಗಳು. ಒಂದೇ ಕಿಟಕಿಯಲ್ಲಿ ಕಾಣುವುದರಿಂದ ಒಂದೇ ಎನ್ನಿಸುತ್ತದೆ. ಯಕ್ಷಗಾನ ನೋಡಿದವರಿಗೆ ಇದು ಬೇಗ ತಿಳಿದೀತು. ಟರ್ಮಿನಲ್ ಎಂದರೆ ರಂಗಸ್ಥಳ: ಅಕ್ಷರ ಕಾಣಿಸುವ ಜಾಗ, ಫಾಂಟು, ಬಣ್ಣ ಅದರ ಜವಾಬ್ದಾರಿ. ಶೆಲ್ ಎಂದರೆ ಭಾಗವತ: ನೀವು ಕೊಟ್ಟ ಸಾಲನ್ನು ಓದಿ ಯಾರನ್ನು ರಂಗಕ್ಕೆ ಕರೆಯಬೇಕು ಎಂದು ತೀರ್ಮಾನಿಸುವವನು. ಎಲ್‌ಎಸ್ (ಫೋಲ್ಡರಿನಲ್ಲಿರುವ ಫೈಲುಗಳ ಪಟ್ಟಿ ತೋರಿಸುವುದು), ಗಿಟ್ (ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವುದು), ಪೈಥಾನ್ ಇವೆಲ್ಲ ವೇಷಗಳು: ಬರುತ್ತವೆ, ತಮ್ಮ ಪಾತ್ರ ಮುಗಿಸುತ್ತವೆ, ಚೌಕಿಗೆ ಮರಳುತ್ತವೆ. ಆಗ ಭಾಗವತ ಮುಂದಿನ ಪದ್ಯಕ್ಕೆ ಕಾಯುತ್ತಾನೆ. $ ಚಿಹ್ನೆಯಲ್ಲಿ ಮುಗಿಯುವ ಆ ಸಾಲು, ಅಂದರೆ ಪ್ರಾಂಪ್ಟ್, ಅವನು ಕಾಯುತ್ತಿದ್ದಾನೆ ಎಂಬುದರ ಗುರುತು.

ಈ ವಿಂಗಡಣೆ ಗೊತ್ತಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಸುಲಭ. ದೋಷದ ಸಂದೇಶದ ಮೊದಲ ಪದ ನೋಡಿ. ಅದು 'ಬ್ಯಾಶ್:' ಎಂದು ಆರಂಭವಾದರೆ ದೂರುತ್ತಿರುವುದು ಶೆಲ್. 'ಎಲ್‌ಎಸ್:' ಎಂದಿದ್ದರೆ ಆ ಪ್ರೋಗ್ರಾಂ. ಅಕ್ಷರ ಒಡೆದು ಕಂಡರೆ ಎರಡರದ್ದೂ ತಪ್ಪಲ್ಲ, ಟರ್ಮಿನಲ್ಲಿನದ್ದು.

ಶೆಲ್‌ಗಳಲ್ಲಿ ಉಬುಂಟು ಕೊಡುವುದು ಬ್ಯಾಶ್. 1979ರ ಯೂನಿಕ್ಸ್‌ನೊಂದಿಗೆ ಬಂದ ಬೋರ್ನ್ ಶೆಲ್‌ಗೆ ಬದಲಿಯಾಗಿ ಗ್ನು ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದದ್ದು, 1989ರಲ್ಲಿ ಹೊರಬಂತು. ಮ್ಯಾಕ್‌ನಲ್ಲಿ 2019ರಿಂದ ಜೆಡ್‌ಶೆಲ್. ಹೊಸಬರು ಬ್ಯಾಶ್‌ನಲ್ಲೇ ಇರುವುದು ಒಳ್ಳೆಯದು: ನೀವು ಹೋಗುವ ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಸರ್ವರುಗಳಲ್ಲೂ ಅದು ಇರುತ್ತದೆ. ಮನೆಯಲ್ಲಿ ವಿಂಡೋಸ್ ಇದ್ದರೆ, ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದು 'ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್' ಕೊಡಿ. ಯಂತ್ರವನ್ನು ಮರುಚಾಲನೆ ಮಾಡಿದ ಮೇಲೆ ವಿಂಡೋಸಿನ ಒಳಗೇ ಉಬುಂಟು ಸಿಗುತ್ತದೆ.

## ಹೆಸರು ಕರೆದರೆ ಎಲ್ಲಿ ಹುಡುಕುತ್ತದೆ?

ನೀವು 'ಗಿಟ್' ಎಂದು ಬರೆದಾಗ ಶೆಲ್ ಇಡೀ ಡಿಸ್ಕನ್ನು ಹುಡುಕುವುದಿಲ್ಲ. ಅದರ ಬಳಿ ಒಂದು ಪಟ್ಟಿ ಉಂಟು, ಹೆಸರು ಪಾತ್ (ನಾಲ್ಕೂ ದೊಡ್ಡಕ್ಷರ). 'ಎಕೋ $ಪಾತ್' ಎಂದರೆ ಕಾಣುತ್ತದೆ: ಕೋಲನ್ ಚಿಹ್ನೆಯಿಂದ ಬೇರ್ಪಟ್ಟ ಫೋಲ್ಡರುಗಳು. ಶೆಲ್ ಎಡದಿಂದ ಬಲಕ್ಕೆ ಒಂದೊಂದೇ ಚೌಕಿ ಇಣುಕುತ್ತದೆ. ಆ ಹೆಸರಿನ ವೇಷ ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಮುಂದಿನ ಚೌಕಿಯಲ್ಲಿ ಇನ್ನೂ ಒಳ್ಳೆಯ ವೇಷಧಾರಿ ಇದ್ದರೂ ಲೆಕ್ಕಕ್ಕಿಲ್ಲ.

ಹೊಸಬರ ಅರ್ಧ ತಾಪತ್ರಯ ಇಲ್ಲಿಂದಲೇ. ಉಬುಂಟು 22.04ರ ಭಂಡಾರದಲ್ಲಿರುವ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) 12ನೇ ಆವೃತ್ತಿ, ತೀರಾ ಹಳೆಯದು. ಹೊಸತನ್ನು ಹಾಕಿದ ಮೇಲೂ 'ನೋಡ್ --ವರ್ಷನ್' ಎಂದರೆ 12 ಎಂದೇ ಬರುತ್ತಿದೆ ಎಂದಾದರೆ ಪಟ್ಟಿಯಲ್ಲಿ ಹಳೆಯದರ ಫೋಲ್ಡರ್ ಮುಂದೆ ಇದೆ ಎಂದರ್ಥ. 'ಟೈಪ್ -ಎ ನೋಡ್' ಎನ್ನಿ. ಯಾವ ಯಾವ ಜಾಗದಲ್ಲಿ ಆ ಹೆಸರಿದೆ ಎಂದು ಸಾಲಾಗಿ ತೋರಿಸುತ್ತದೆ. ಬ್ಯಾಶ್ ಒಮ್ಮೆ ಕಂಡ ಜಾಗವನ್ನು ನೆನಪಿಟ್ಟುಕೊಳ್ಳುವುದೂ ಉಂಟು. ಪಟ್ಟಿ ಸರಿ ಇದ್ದೂ ಹಳೆಯದೇ ಓಡಿದರೆ 'ಹ್ಯಾಶ್ -ಆರ್' ಕೊಟ್ಟು ಆ ನೆನಪು ಅಳಿಸಿ.

ನೀವು ನಿಂತಿರುವ ಫೋಲ್ಡರ್ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದಲೇ ನಿಮ್ಮದೇ ಪ್ರೋಗ್ರಾಂ ಓಡಿಸಲು ಹೆಸರಿಗಿಂತ ಮೊದಲು ./ ಹಾಕಬೇಕು. ಇದು ಬೇಕೆಂದೇ ಮಾಡಿದ ವ್ಯವಸ್ಥೆ: ಯಾರೋ 'ಎಲ್‌ಎಸ್' ಎಂದು ಹೆಸರಿಟ್ಟ ಕಿಡಿಗೇಡಿ ಫೈಲೊಂದು ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿದ್ದರೆ, ಅಲ್ಲಿ ನೀವು ಎಲ್‌ಎಸ್ ಕೊಟ್ಟ ಕೂಡಲೇ ಅದು ಓಡಬಾರದಲ್ಲ.

ಪಟ್ಟಿಗೆ ಫೋಲ್ಡರ್ ಸೇರಿಸುವ ಸಾಲು ಹೀಗೆ:

ಎಕ್ಸ್‌ಪೋರ್ಟ್ ಪಾತ್="$ಹೋಮ್/ಬಿನ್:$ಪಾತ್"

ಹೋಮ್, ಪಾತ್ ದೊಡ್ಡಕ್ಷರ. ಕೊನೆಯ $ಪಾತ್ ಮರೆತರೆ ಹಳೆಯ ಪಟ್ಟಿ ಪೂರ್ತಿ ಮಾಯ; ಮರುಕ್ಷಣ ಎಲ್‌ಎಸ್ ಕೂಡ ಸಿಗುವುದಿಲ್ಲ. ಗಾಬರಿ ಬೇಡ, ಪ್ರೋಗ್ರಾಂಗಳು ಅಳಿದಿಲ್ಲ, ವಿಳಾಸ ಮಾತ್ರ ಕಳೆದಿದೆ. 'ಎಕ್ಸ್‌ಪೋರ್ಟ್ ಪಾತ್=/ಯುಎಸ್‌ಆರ್/ಬಿನ್:/ಬಿನ್' ಎಂದು ಬರೆದು, ಆ ಸಾಲನ್ನು ಫೈಲಿನಲ್ಲಿ ಬರೆದಿದ್ದರೆ ಅಲ್ಲೂ ತಿದ್ದಿ.

ಒಂದು ಎಚ್ಚರಿಕೆ. ಹೊಸ ಪೈಥಾನ್ ಬೇಕೆಂದು /ಯುಎಸ್‌ಆರ್/ಬಿನ್ ಒಳಗಿನ ಪೈಥಾನ್3 ಕೊಂಡಿಯನ್ನು ಬದಲಿಸಬೇಡಿ. ಉಬುಂಟು 22.04ರಲ್ಲಿ ಟರ್ಮಿನಲ್ ಕಿಟಕಿಯನ್ನು ತೆರೆಯುವ ಪುಟ್ಟ ಸ್ಕ್ರಿಪ್ಟೇ ಪೈಥಾನಿನಲ್ಲಿದೆ. ಕೊಂಡಿ ಬದಲಾದರೆ ಟರ್ಮಿನಲ್ ತೆರೆಯುವುದೇ ನಿಂತುಹೋಗಬಹುದು. ಹಾಗಾದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಬರೀ ಅಕ್ಷರದ ಪರದೆಗೆ ಹೋಗಿ ಸರಿಪಡಿಸಬೇಕು. ಪ್ರತಿ ಕೆಲಸಕ್ಕೂ 'ಪೈಥಾನ್3 -ಎಂ ವೆನ್ವ್ .ವೆನ್ವ್' ಎಂದು ಪ್ರತ್ಯೇಕ ಪರಿಸರ ಮಾಡಿಕೊಂಡರೆ ಆ ಕೆಲಸದ ಲೈಬ್ರರಿಗಳು ಯಂತ್ರದ ಪೈಥಾನಿಗೆ ತಾಗವು; ಬೇರೆ ಆವೃತ್ತಿಯೇ ಬೇಕಾದರೆ ಪೈಥಾನ್3 ಬದಲು ಆ ಆವೃತ್ತಿಯ ಹೆಸರಿನಿಂದ ಇದನ್ನೇ ಓಡಿಸಿ. ಅದಕ್ಕೆ ಮೊದಲು 'ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್' ಎಂದು ಆ ಪ್ಯಾಕೇಜು ಹಾಕಿರಬೇಕು (ಸುಡೊ ಎಂದರೆ ಅಡ್ಮಿನ್ ಆಗಿ ಓಡಿಸು, ಆಪ್ಟ್ ಎಂದರೆ ಭಂಡಾರದಿಂದ ಪ್ಯಾಕೇಜು ತರುವ ಆಜ್ಞೆ).

## ಚುಕ್ಕೆಯಿಂದ ಶುರುವಾಗುವ ಫೈಲುಗಳು

ಟರ್ಮಿನಲ್ಲಿನಲ್ಲಿ ಬರೆದ ಎಕ್ಸ್‌ಪೋರ್ಟ್ ಸಾಲು ಆ ಕಿಟಕಿ ಮುಚ್ಚುವವರೆಗೆ ಮಾತ್ರ. ಉಳಿಯಬೇಕಾದರೆ ಶೆಲ್ ಆರಂಭದಲ್ಲಿ ಓದುವ ಫೈಲಿನಲ್ಲಿ ಬರೆದಿಡಬೇಕು. ಇಂಥ ಫೈಲುಗಳ ಹೆಸರು ಚುಕ್ಕೆಯಿಂದ ಶುರು, ಹಾಗಾಗಿ ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ; 'ಎಲ್‌ಎಸ್ -ಎ' ಎಂದರೆ ಕಾಣುತ್ತವೆ.

ಯಾವುದನ್ನು ಯಾವಾಗ ಓದುತ್ತದೆ ಎಂಬಲ್ಲಿ ಅನುಭವಿಗಳೂ ಎಡವುತ್ತಾರೆ. ಬ್ಯಾಶ್‌ಗೆ ಎರಡು ಬಗೆಯ ಆರಂಭ. ಲಾಗಿನ್ ಶೆಲ್ ಎಂದರೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಹೋಗುವ ದಾರಿ) ಮೂಲಕ ಸರ್ವರಿಗೆ ಹೋದಾಗ ಸಿಗುವಂಥದ್ದು. ಅದು ನಿಮ್ಮ ಮನೆ ಫೋಲ್ಡರಿನಲ್ಲಿ (~ ಎಂಬ ಗುರುತು ಅದಕ್ಕೇ) ~/.ಬ್ಯಾಶ್_ಪ್ರೊಫೈಲ್, ~/.ಬ್ಯಾಶ್_ಲಾಗಿನ್, ~/.ಪ್ರೊಫೈಲ್ ಎಂಬ ಮೂರನ್ನು ಇದೇ ಕ್ರಮದಲ್ಲಿ ಹುಡುಕಿ, ಮೊದಲು ಸಿಕ್ಕಿದ ಒಂದನ್ನು ಮಾತ್ರ ಓದುತ್ತದೆ. ಡೆಸ್ಕ್‌ಟಾಪಿನಲ್ಲಿ ಕಂಟ್ರೋಲ್-ಆಲ್ಟ್-ಟಿ ಒತ್ತಿ ತೆರೆದ ಟರ್ಮಿನಲ್ ಲಾಗಿನ್ ಶೆಲ್ ಅಲ್ಲ. ಅದು ಓದುವುದು ~/.ಬ್ಯಾಶ್‌ಆರ್‌ಸಿ.

ಉಬುಂಟು ಕೊಡುವ .ಪ್ರೊಫೈಲ್ ತಾನಾಗಿ .ಬ್ಯಾಶ್‌ಆರ್‌ಸಿಯನ್ನೂ ಓದಿಸುತ್ತದೆ, ~/.ಲೋಕಲ್/ಬಿನ್ ಇದ್ದರೆ ಅದನ್ನು ಪಾತ್‌ಗೆ ಸೇರಿಸುತ್ತದೆ. 'ಇದ್ದರೆ' ಎಂಬುದನ್ನು ಗಮನಿಸಿ. ಆ ಫೋಲ್ಡರನ್ನು ಇವತ್ತು ಹೊಸತಾಗಿ ಮಾಡಿದ್ದಾದರೆ ಲಾಗ್‌ಔಟ್ ಆಗಿ ಮರಳಿ ಬರುವವರೆಗೆ ಅದರೊಳಗಿನ ಪ್ರೋಗ್ರಾಂ ಹೆಸರು ಕರೆದರೆ ಬರದು. ಇನ್ನು, ಯಾವುದೋ ಸಾಧನದ ಸೂಚನೆಯಲ್ಲಿದೆ ಎಂದು ಖಾಲಿ .ಬ್ಯಾಶ್_ಪ್ರೊಫೈಲ್ ಒಂದನ್ನು ಮಾಡಿ ಎರಡು ಸಾಲು ಬರೆದಿರೋ, ಮುಂದಿನ ಲಾಗಿನ್‌ನಿಂದ .ಪ್ರೊಫೈಲ್ ಮೂಲೆಗೆ. ಸರ್ವರಿನಲ್ಲಿ ಬಣ್ಣ, ಅಡ್ಡಹೆಸರು ಎಲ್ಲ ಒಮ್ಮೆಲೇ ಕಾಣೆಯಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ತಿದ್ದುವ ಕ್ರಮ: ಮೊದಲು ಪ್ರತಿ ತೆಗೆಯಿರಿ, 'ಸಿಪಿ ~/.ಬ್ಯಾಶ್‌ಆರ್‌ಸಿ ~/.ಬ್ಯಾಶ್‌ಆರ್‌ಸಿ.ಹಳೆ'. 'ನ್ಯಾನೋ ~/.ಬ್ಯಾಶ್‌ಆರ್‌ಸಿ' ಎಂದು ತೆರೆದು ಕೊನೆಯಲ್ಲಿ ಸಾಲು ಸೇರಿಸಿ. ಕಂಟ್ರೋಲ್-ಓ ಒತ್ತಿ ಎಂಟರ್ ಕೊಟ್ಟರೆ ಉಳಿಕೆ, ಕಂಟ್ರೋಲ್-ಎಕ್ಸ್ ಹೊರಗೆ. 'ಬ್ಯಾಶ್ -ಎನ್ ~/.ಬ್ಯಾಶ್‌ಆರ್‌ಸಿ' ಎಂದರೆ ಫೈಲನ್ನು ಓಡಿಸದೆ ವ್ಯಾಕರಣ ಮಾತ್ರ ಪರೀಕ್ಷಿಸುತ್ತದೆ. ಏನೂ ಹೇಳದಿದ್ದರೆ ಸರಿ ಎಂದರ್ಥ. ಬಳಿಕ 'ಸೋರ್ಸ್ ~/.ಬ್ಯಾಶ್‌ಆರ್‌ಸಿ' ಎಂದರೆ ತೆರೆದಿರುವ ಕಿಟಕಿ ಆ ಫೈಲನ್ನು ಮತ್ತೆ ಓದುತ್ತದೆ. ಇದನ್ನು ಕೊಡದೆ, ತೆರೆದಿಟ್ಟ ಹಳೆಯ ಕಿಟಕಿಯಲ್ಲಿ ಬದಲಾವಣೆ ಕಾಣಲಿಲ್ಲ ಎಂದು ಮತ್ತೆ ಮತ್ತೆ ತಿದ್ದುವವರೇ ಹೆಚ್ಚು. ಎಲ್ಲ ಕೆಟ್ಟುಹೋದರೆ 'ಬ್ಯಾಶ್ --ನೋಆರ್‌ಸಿ' ಎಂದು ಓಡಿಸಿ. ಆ ಫೈಲನ್ನು ಮುಟ್ಟದೆ ಶೆಲ್ ತೆರೆಯುತ್ತದೆ.

ಕೆಡುವ ಕಾರಣಗಳು ಹೆಚ್ಚಿನಂಶ ಕಣ್ಣಿಗೆ ಕಾಣದಂಥವು. ಸಮ ಚಿಹ್ನೆಯ ಎರಡೂ ಬದಿಗೆ ಜಾಗ ಬಿಡಬಾರದು. ಬಿಟ್ಟರೆ ಶೆಲ್ ಮೊದಲ ಪದವನ್ನು ಆಜ್ಞೆ ಎಂದುಕೊಳ್ಳುತ್ತದೆ. ವರ್ಡ್ ದಸ್ತಾವೇಜಿನಿಂದ ಅಂಟಿಸಿದ ಉದ್ಧರಣ ಚಿಹ್ನೆಗಳು ಬಾಗಿದವು, ಶೆಲ್‌ಗೆ ಬೇಕಾದದ್ದು ನೆಟ್ಟಗಿನವು. ವಿಂಡೋಸಿನ ಎಡಿಟರಿನಲ್ಲಿ ಬರೆದು ಪೆನ್‌ಡ್ರೈವಿನಲ್ಲಿ ತಂದ ಫೈಲಿನಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಅಕ್ಷರ ಹೆಚ್ಚಿರಬಹುದು. '$'\ಆರ್'' ಸಿಗಲಿಲ್ಲ ಎಂಬ ವಿಚಿತ್ರ ದೂರು ಬಂದರೆ 'ಡಾಸ್2ಯೂನಿಕ್ಸ್' ಎಂಬ ಸಾಧನ ಹಾಕಿ ಆ ಫೈಲಿನ ಮೇಲೆ ಓಡಿಸಿ.

## ಏನೇನು ಬರೆದಿಡಬೇಕು?

ಅಡ್ಡಹೆಸರು ಎಂದರೆ ಅಲಿಯಾಸ್. ದಿನಕ್ಕೆ ನಲವತ್ತು ಸಲ 'ಗಿಟ್ ಸ್ಟೇಟಸ್' ಬರೆಯುವ ಬದಲು ಅಲಿಯಾಸ್ ಜಿಎಸ್='ಗಿಟ್ ಸ್ಟೇಟಸ್'. ಇವನ್ನು ~/.ಬ್ಯಾಶ್_ಅಲಿಯಾಸಸ್ ಎಂಬ ಬೇರೆ ಫೈಲಿನಲ್ಲಿಟ್ಟರೆ ಉಬುಂಟುವಿನ .ಬ್ಯಾಶ್‌ಆರ್‌ಸಿ ತಾನೇ ಓದಿಕೊಳ್ಳುತ್ತದೆ. ಅಳಿಸುವ ಆರ್‌ಎಂ ಆಜ್ಞೆಗೆ 'ಆರ್‌ಎಂ -ಐ' ಎಂಬ ಅಡ್ಡಹೆಸರು ಕಟ್ಟಿ, ಪ್ರತಿ ಸಲ ಕೇಳುವಂತೆ ಮಾಡಿಕೊಳ್ಳುವವರಿದ್ದಾರೆ. ಒಳ್ಳೆಯ ಅಭ್ಯಾಸವಲ್ಲ: ಹೇಗೂ ಕೇಳುತ್ತದಲ್ಲ ಎಂದು ಕೈ ಸಡಿಲವಾಗುತ್ತದೆ, ಆ ಅಡ್ಡಹೆಸರಿಲ್ಲದ ಸರ್ವರಿನಲ್ಲಿ ಅದೇ ಕೈ ಎಲ್ಲವನ್ನೂ ಅಳಿಸುತ್ತದೆ. ಟರ್ಮಿನಲ್ಲಿನಲ್ಲಿ ಕಸದ ಬುಟ್ಟಿ ಇಲ್ಲ. ಬೇಕಿದ್ದರೆ 'ಟ್ರ್ಯಾಶ್-ಸಿಎಲ್‌ಐ' ಹಾಕಿ ಅದರ 'ಟ್ರ್ಯಾಶ್-ಪುಟ್' ಬಳಸಿ.

ಪ್ರಾಂಪ್ಟಿನ ರೂಪ ಪಿಎಸ್1 ಎಂಬ ಚರದಲ್ಲಿದೆ. ಬಣ್ಣ ಹಾಕುವಾಗ ಬಣ್ಣದ ಸಂಕೇತಗಳನ್ನು \[ ಮತ್ತು \] ನಡುವೆ ಇಡಲೇಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣದ ಆ ಅಕ್ಷರಗಳನ್ನೂ ಬ್ಯಾಶ್ ಉದ್ದದ ಲೆಕ್ಕಕ್ಕೆ ಹಿಡಿದು, ಉದ್ದದ ಆಜ್ಞೆ ಮುಂದಿನ ಸಾಲಿಗೆ ಇಳಿಯುವ ಬದಲು ತನ್ನ ಮೇಲೆಯೇ ಬರೆದುಕೊಳ್ಳುತ್ತದೆ. ನೋಡಿದವರು ಕೀಬೋರ್ಡ್ ಹಾಳಾಯಿತೆಂದು ತಿಳಿಯುವುದುಂಟು.

ಮೂರು ಸಾಧನಗಳನ್ನು ಹಾಕಿಕೊಳ್ಳಬಹುದು: ಫೈಲುಗಳೊಳಗೆ ಪದ ಹುಡುಕುವ ರಿಪ್‌ಗ್ರೆಪ್ (ಆಜ್ಞೆಯ ಹೆಸರು ಆರ್‌ಜಿ), ಅಂದಾಜಿನಲ್ಲಿ ಹುಡುಕುವ ಎಫ್‌ಜೆಡ್‌ಎಫ್, ಬಣ್ಣದಲ್ಲಿ ಫೈಲು ತೋರಿಸುವ ಬ್ಯಾಟ್. ಉಬುಂಟುವಿನಲ್ಲಿ ಬ್ಯಾಟ್‌ನ ಆಜ್ಞೆ 'ಬ್ಯಾಟ್‌ಕ್ಯಾಟ್' ಎಂದಾಗಿದೆ, ಬೇರೆ ಪ್ಯಾಕೇಜಿನ ಹೆಸರಿಗೆ ತಾಗುತ್ತದೆಂದು. ಒಂದೇ ದಿನ ಹದಿನೈದು ಹಾಕಿದರೆ ಯಾವುದೂ ಕೈಗೆ ಕೂರುವುದಿಲ್ಲ, ಟರ್ಮಿನಲ್ ತೆರೆಯಲೂ ತಡವಾಗುತ್ತದೆ. ಎಷ್ಟು ತಡ ಎಂದು 'ಟೈಮ್ ಬ್ಯಾಶ್ -ಐ -ಸಿ ಎಕ್ಸಿಟ್' ಕೊಟ್ಟು ಅಳೆಯಿರಿ. ಅರ್ಧ ಸೆಕೆಂಡಿಗಿಂತ ಹೆಚ್ಚಾದರೆ ಕೊನೆಗೆ ಸೇರಿಸಿದ ಸಾಲುಗಳನ್ನು ಒಂದೊಂದಾಗಿ # ಹಾಕಿ ನಿಲ್ಲಿಸಿ ನೋಡಿ.

## ಮಳೆಗಾಲದಲ್ಲಿ ಕರೆಂಟ್ ಹೋದರೆ

ಜೂನ್ ಬಂತೆಂದರೆ ತೆಂಗಿನ ಮಡಲು ತಂತಿಗೆ ಬಿದ್ದು ಕರೆಂಟ್ ಹೋಗುವುದು ನಮ್ಮಲ್ಲಿ ಹೊಸತಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲೋ ಡೆಸ್ಕ್‌ಟಾಪಿನಲ್ಲೋ ಕೆಲಸ ಮಾಡುವವರು ಒಂದು ವಿಷಯ ತಿಳಿದಿರಬೇಕು: ನೀವು ಬರೆದ ಆಜ್ಞೆಗಳ ಚರಿತ್ರೆಯನ್ನು ಬ್ಯಾಶ್ ಡಿಸ್ಕಿಗೆ ಬರೆಯುವುದು ಶೆಲ್ ಮುಚ್ಚುವಾಗ. ಕರೆಂಟ್ ಹೋದರೆ ಆ ದಿನದ ಚರಿತ್ರೆ ಹೋಯಿತು. .ಬ್ಯಾಶ್‌ಆರ್‌ಸಿಯಲ್ಲಿ ಪ್ರಾಂಪ್ಟ್_ಕಮಾಂಡ್='ಹಿಸ್ಟರಿ -ಎ' ಎಂಬ ಸಾಲು ಇದ್ದರೆ (ಸಮ ಚಿಹ್ನೆಯ ಎಡಗಡೆಯದೆಲ್ಲ ದೊಡ್ಡಕ್ಷರ) ಪ್ರತಿ ಆಜ್ಞೆ ಮುಗಿದ ಕೂಡಲೇ ಬರೆದಿಡುತ್ತದೆ. ಜೊತೆಗೆ ಹಿಸ್ಟ್‌ಸೈಜ್ 1000, ಹಿಸ್ಟ್‌ಫೈಲ್‌ಸೈಜ್ 2000 ಎಂದು ಉಬುಂಟು ಇಟ್ಟಿರುವ ಮಿತಿಗಳನ್ನು 50000ಕ್ಕೆ ಏರಿಸಿ. ಬಳಿಕ ಕಂಟ್ರೋಲ್-ಆರ್ ಒತ್ತಿ ಎರಡು ಅಕ್ಷರ ಬರೆದರೆ ಮೂರು ತಿಂಗಳ ಹಿಂದಿನ ಆಜ್ಞೆಯೂ ಎದ್ದುಬರುತ್ತದೆ. ಗುಟ್ಟಿನ ಪದವಿರುವ ಆಜ್ಞೆಯನ್ನು ಮೊದಲು ಒಂದು ಖಾಲಿ ಜಾಗ ಬಿಟ್ಟು ಬರೆಯಿರಿ. ಉಬುಂಟುವಿನ ಮೂಲ ಹೊಂದಿಕೆಯಲ್ಲಿ ಅಂಥದ್ದು ಚರಿತ್ರೆಗೆ ಸೇರದು.

ದೂರದ ಸರ್ವರಿನಲ್ಲಿ ಕೆಲಸ ಓಡುತ್ತಿರುವಾಗ ನೆಟ್‌ವರ್ಕ್ ಕಡಿದರೆ ಅಲ್ಲಿನ ಕೆಲಸವೂ ಸಾಮಾನ್ಯವಾಗಿ ಸಾಯುತ್ತದೆ. ಇದಕ್ಕೆ ಟಿಮಕ್ಸ್ ಮದ್ದು. ಸರ್ವರಿಗೆ ಹೋದ ಮೇಲೆ 'ಟಿಮಕ್ಸ್' ಎಂದು ಆರಂಭಿಸಿ ಅದರೊಳಗೆ ಕೆಲಸ ಮಾಡಿ. ಕಂಟ್ರೋಲ್-ಬಿ ಒತ್ತಿ ಬಿಟ್ಟು ಡಿ ಒತ್ತಿದರೆ ಹೊರಬರುತ್ತೀರಿ, ಕೆಲಸ ಮುಂದುವರಿಯುತ್ತದೆ. ಮರಳಿ ಬಂದು 'ಟಿಮಕ್ಸ್ ಅಟ್ಯಾಚ್'. ಆದರೆ ಟಿಮಕ್ಸನ್ನು ಸರ್ವರಿನಲ್ಲಿ ಓಡಿಸಬೇಕು. ನಿಮ್ಮ ಮನೆಯ ಯಂತ್ರದಲ್ಲಿ ಓಡಿಸಿದರೆ ಕರೆಂಟಿನೊಂದಿಗೆ ಅದೂ ಹೋಗುತ್ತದೆ.

## ಕನ್ನಡಕ್ಕೆ ಟರ್ಮಿನಲ್ ಯಾಕೆ ಒಗ್ಗುವುದಿಲ್ಲ?

'ಅಡಿಕೆ_ಲೆಕ್ಕ' ಎಂದು ಫೈಲಿಗೆ ಹೆಸರಿಟ್ಟು ಎಲ್‌ಎಸ್ ಕೊಟ್ಟರೆ ಒತ್ತಕ್ಷರ ಪಕ್ಕಕ್ಕೆ ಜಾರಿ, ಗುಣಿತದ ಚಿಹ್ನೆ ತೇಲಿ, ಹೆಸರು ಗುರುತೇ ಸಿಗದ ಹಾಗೆ ಕಾಣಬಹುದು. ಫೈಲು ಕೆಟ್ಟಿಲ್ಲ. ಟರ್ಮಿನಲ್ ಪರದೆ ಎಂದರೆ ಚೌಕುಳಿ ಪುಸ್ತಕದ ಹಾಳೆ. ಪ್ರತಿ ಅಕ್ಷರಕ್ಕೆ ಒಂದೇ ಅಗಲದ ಒಂದು ಮನೆ. ಕನ್ನಡದ ಅಕ್ಷರ ಆ ಮನೆಯಲ್ಲಿ ಹಿಡಿಯುವುದಿಲ್ಲ. 'ಕ್ಷ' ನಮಗೆ ಒಂದು, ಯೂನಿಕೋಡ್‌ಗೆ ಕ, ವಿರಾಮ, ಷ ಎಂಬ ಮೂರು. ಆ ಸಂಕೇತಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು.

ಪರೀಕ್ಷಿಸಿ: ಪ್ರಿಂಟ್‌ಎಫ್ 'ಕಾಸರಗೋಡು' | ಡಬ್ಲ್ಯುಸಿ -ಸಿ ಎಂದರೆ 24 ಬರುತ್ತದೆ. -ಸಿ ಬದಲು -ಎಂ ಹಾಕಿದರೆ 8. ನಾವು ಎಣಿಸಿದರೆ ಕಾ, ಸ, ರ, ಗೋ, ಡು, ಐದು. ಮೂರು ಉತ್ತರವೂ ಸರಿ, ಎಣಿಸಿದ ವಸ್ತು ಬೇರೆ: ಬೈಟು, ಸಂಕೇತ, ಅಕ್ಷರ. ಪ್ರೋಗ್ರಾಂ ಬರೆಯುವಾಗ ಹೆಸರಿನ ಉದ್ದಕ್ಕೆ ಮಿತಿ ಇಡುವವರು ಇದನ್ನು ಮರೆತರೆ ಕನ್ನಡದ ಹೆಸರು ನಡುವೆ ತುಂಡಾಗುತ್ತದೆ.

ಅಕ್ಷರದ ಬದಲು ಬರೀ ಚೌಕ ಕಂಡರೆ ಫಾಂಟ್ ಇಲ್ಲ ಎಂದರ್ಥ. 'ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ' ಎಂದರೆ ಗುಬ್ಬಿ, ನವಿಲು ಮೊದಲಾದ ಫಾಂಟುಗಳು ಬರುತ್ತವೆ. ಜಾರಿದ ಒತ್ತಕ್ಷರ ಫಾಂಟಿನಿಂದ ಸರಿಯಾಗದು. ಓದಲೇಬೇಕಾದರೆ ಪಠ್ಯವನ್ನು ಸಾದಾ ಎಡಿಟರಿಗೆ ಅಂಟಿಸಿ.

ಹುಡುಕಾಟ ಮಾತ್ರ ಸರಿಯಾಗಿ ನಡೆಯುತ್ತದೆ, ಒಂದು ಹೊಂಡವನ್ನು ತಪ್ಪಿಸಿಕೊಂಡರೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಫ್ಟ್ ಮತ್ತು ವೇ ಕೂಡಿಕೊಳ್ಳದಂತೆ ನಡುವೆ ಕಾಣದ ಒಂದು ಸಂಕೇತ ಇರುತ್ತದೆ. ಅದಿಲ್ಲದೆ ಹುಡುಕಿದರೆ ಅದಿರುವ ಪದ ಸಿಗದು. ಇಂಥ ಪದದ ಮೊದಲ ತುಂಡನ್ನು ಮಾತ್ರ ಹುಡುಕುವುದು ಸುರಕ್ಷಿತ.

ಗಿಟ್ ಇನ್ನೊಂದು ತಮಾಷೆ ಮಾಡುತ್ತದೆ. ಕನ್ನಡ ಹೆಸರಿನ ಫೈಲನ್ನು ಅದು \340\262\225 ಎಂಬಂಥ ಅಂಕಿಗಳ ಸಾಲಾಗಿ ತೋರಿಸುತ್ತದೆ. ಈ ಮೂರು ಅಂಕಿ ಬೇರೇನಲ್ಲ, 'ಕ' ಅಕ್ಷರದ ಮೂರು ಬೈಟುಗಳು, ಎಂಟರ ಎಣಿಕೆಯಲ್ಲಿ. 'ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್' ಎಂದರೆ ಹೆಸರು ಕನ್ನಡದಲ್ಲೇ ಬರುತ್ತದೆ.

ಮೂರು ಭಾಷೆಯ ಕೀಲಿಮಣೆ ಇಟ್ಟುಕೊಂಡವರಿಗೆ: ಎಲ್‌ಎಸ್ ಒತ್ತಿದಾಗ ಕನ್ನಡವೋ ಮಲಯಾಳವೋ ಮೂಡಿದರೆ ಸೂಪರ್ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ಯಂತ್ರದ ಭಾಷೆಯೇ ಮಲಯಾಳವಾಗಿದ್ದು ದೋಷದ ಸಂದೇಶವನ್ನು ಹುಡುಕಲು ಇಂಗ್ಲಿಷಿನಲ್ಲಿ ಬೇಕಾದರೆ ಆಜ್ಞೆಗಿಂತ ಮೊದಲು ಎಲ್‌ಸಿ_ಆಲ್=ಸಿ (ಎಲ್ಲ ದೊಡ್ಡಕ್ಷರ) ಸೇರಿಸಿ; ಆ ಒಂದು ಸಲಕ್ಕೆ ಮಾತ್ರ ಬದಲಾಗುತ್ತದೆ.

## ಗಿಟ್ ಮತ್ತು ಕೀಲಿ

ಗಿಟ್‌ಗೆ ಮೊದಲು ಹೆಸರು, ಇಮೇಲ್ ಹೇಳಬೇಕು: 'ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ನೇಮ್' ಎಂಬುದರ ಬಳಿಕ ಉದ್ಧರಣ ಚಿಹ್ನೆಗಳ ನಡುವೆ ನಿಮ್ಮ ಹೆಸರು, ಹಾಗೆಯೇ 'ಯೂಸರ್.ಇಮೇಲ್'. ಸಾರ್ವಜನಿಕ ಯೋಜನೆಯಲ್ಲಿ ಈ ಇಮೇಲ್ ಎಲ್ಲರಿಗೂ ಕಾಣುತ್ತದೆ. ಬೇಡವಾದರೆ ಗಿಟ್‌ಹಬ್ (ಗಿಟ್ ಯೋಜನೆಗಳನ್ನು ಅಂತರ್ಜಾಲದಲ್ಲಿ ಇಡುವ ತಾಣ) ಕೊಡುವ ಮರೆಮಾಚಿದ ವಿಳಾಸ ಬಳಸಿ.

2021ರ ಆಗಸ್ಟ್ 13ರಿಂದ ಗಿಟ್‌ಹಬ್ ಗಿಟ್ ಕೆಲಸಗಳಿಗೆ ಖಾತೆಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಟೋಕನ್ (ಪಾಸ್‌ವರ್ಡಿನ ಬದಲು ತಾಣ ಕೊಡುವ ಗುಟ್ಟಿನ ಅಕ್ಷರಸಾಲು) ಅಥವಾ ಕೀಲಿ ಬೇಕು. 'ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519' ಎಂದರೆ ~/.ಎಸ್‌ಎಸ್‌ಎಚ್ ಒಳಗೆ ಎರಡು ಫೈಲು ಹುಟ್ಟುತ್ತವೆ. ಪಬ್ ಎಂದು ಕೊನೆಯಾಗುವುದು ಬೀಗ, ಯಾರಿಗೂ ಕೊಡಬಹುದು. ಅದನ್ನೇ ಗಿಟ್‌ಹಬ್‌ಗೆ ಅಂಟಿಸುವುದು. ಇನ್ನೊಂದು ಬೀಗದ ಕೈ, ಯಂತ್ರ ಬಿಟ್ಟು ಹೋಗಬಾರದು. ಲ್ಯಾಬಿನ ಅಥವಾ ಸೆಂಟರಿನ ಕಂಪ್ಯೂಟರಿನಲ್ಲಿ ಅದನ್ನು ಬಿಟ್ಟು ಬರಬೇಡಿ.

ಆ ಬೀಗದ ಕೈಯನ್ನು ಪೆನ್‌ಡ್ರೈವಿನಲ್ಲಿ ಇನ್ನೊಂದು ಯಂತ್ರಕ್ಕೆ ತಂದರೆ ಎಸ್‌ಎಸ್‌ಎಚ್ ದೊಡ್ಡಕ್ಷರದಲ್ಲಿ ಎಚ್ಚರಿಸಿ ನಿರಾಕರಿಸುವುದುಂಟು. ಪೆನ್‌ಡ್ರೈವಿನ ಸಾಮಾನ್ಯ ಫ್ಯಾಟ್ ವಿನ್ಯಾಸಕ್ಕೆ ಯಾರು ಓದಬಹುದು ಎಂಬ ಗುರುತು ಇಡಲು ಬರುವುದಿಲ್ಲ; ಪ್ರತಿ ಮಾಡಿದ ಫೈಲು ಎಲ್ಲರಿಗೂ ತೆರೆದಂತೆ ಬರುತ್ತದೆ. 'ಸಿಎಚ್‌ಮೋಡ್ 600' ಆ ಫೈಲಿಗೆ, 'ಸಿಎಚ್‌ಮೋಡ್ 700' ಫೋಲ್ಡರಿಗೆ ಕೊಟ್ಟರೆ ಸರಿಹೋಗುತ್ತದೆ. ಯಂತ್ರಕ್ಕೊಂದು ಹೊಸ ಕೀಲಿ ಮಾಡಿಕೊಳ್ಳುವುದು ಇದಕ್ಕಿಂತ ಲೇಸು.

## ಇನ್ನೊಂದು ಯಂತ್ರಕ್ಕೆ

ನೀವು ತಿದ್ದಿದ ಚುಕ್ಕೆಯ ಫೈಲುಗಳನ್ನು (.ಎಸ್‌ಎಸ್‌ಎಚ್ ಒಳಗಿನ ಬೀಗದ ಕೈಯನ್ನಲ್ಲ) ~/ಡಾಟ್‌ಫೈಲ್ಸ್ ಎಂಬ ಒಂದು ಫೋಲ್ಡರಿಗೆ ತಂದು ಗಿಟ್‌ಗೆ ಹಾಕಿ, ಮೂಲ ಜಾಗದಲ್ಲಿ ಕೊಂಡಿ ಮಾತ್ರ ಇಡಿ: 'ಎಲ್‌ಎನ್ -ಎಸ್ ~/ಡಾಟ್‌ಫೈಲ್ಸ್/ಬ್ಯಾಶ್‌ಆರ್‌ಸಿ ~/.ಬ್ಯಾಶ್‌ಆರ್‌ಸಿ'. ಅಲ್ಲಿ ಹಳೆಯ ಫೈಲು ಇದ್ದರೆ ಆಜ್ಞೆ ನಿಲ್ಲುತ್ತದೆ. ಮೊದಲು ಎಂವಿ ಕೊಟ್ಟು ಹೆಸರು ಬದಲಿಸಿ. ಟೋಕನ್, ಪಾಸ್‌ವರ್ಡುಗಳನ್ನು ಗಿಟ್‌ಗೆ ಸೇರದ ಬೇರೆ ಫೈಲಿನಲ್ಲಿಟ್ಟು .ಬ್ಯಾಶ್‌ಆರ್‌ಸಿಯಿಂದ ಸೋರ್ಸ್ ಮಾಡಿ. ಒಮ್ಮೆ ಗಿಟ್‌ಹಬ್‌ಗೆ ಹೋದ ಟೋಕನ್ನನ್ನು ಮುಂದಿನ ಕಮಿಟ್‌ನಲ್ಲಿ (ಗಿಟ್ ದಾಖಲಿಸುವ ಒಂದೊಂದು ಬದಲಾವಣೆ) ಅಳಿಸಿದರೂ ಚರಿತ್ರೆಯಲ್ಲಿ ಉಳಿದಿರುತ್ತದೆ, ಅದನ್ನು ರದ್ದುಮಾಡಿ ಹೊಸತು ಪಡೆಯಬೇಕು.

ಹೊಂದಿಕೆ ಬೇರೆ ಕಡೆ ಓಡುತ್ತದೆಯೇ ಎಂದು ತಿಳಿಯಲು ಬೇರೆ ಯಂತ್ರ ಬೇಕಿಲ್ಲ. 'ಸುಡೊ ಆಡ್‌ಯೂಸರ್' ಕೊಟ್ಟು ಅದೇ ಯಂತ್ರದಲ್ಲಿ ಇಂಗ್ಲಿಷ್ ಸಣ್ಣಕ್ಷರದ ಹೆಸರಿನ ಒಬ್ಬ ಹೊಸ ಬಳಕೆದಾರನನ್ನು ಮಾಡಿ, ಆ ಖಾತೆಗೆ ಹೋಗಿ ಡಾಟ್‌ಫೈಲ್ಸ್ ಇಳಿಸಿ, ಕೊಂಡಿಗಳನ್ನು ಹಾಕಿ, ಹೊಸ ಟರ್ಮಿನಲ್ ತೆರೆಯಿರಿ. ನಿಮ್ಮ ಹೆಸರಿನ ಮನೆ ಫೋಲ್ಡರನ್ನು ನೇರ ಬರೆದ ಜಾಗಗಳೆಲ್ಲ ಆಗ ದೋಷ ಕೊಡುತ್ತವೆ. ಅವನ್ನು $ಹೋಮ್ ಎಂದು ತಿದ್ದಿ. ಮುಗಿದ ಮೇಲೆ ನಿಮ್ಮ ಖಾತೆಗೆ ಮರಳಿ, 'ಸುಡೊ ಡೆಲ್‌ಯೂಸರ್ --ರಿಮೂವ್-ಹೋಮ್' ಎಂಬುದರ ಬಳಿಕ ಆ ಹೊಸ ಬಳಕೆದಾರನ ಹೆಸರು ಬರೆದರೆ ಖಾತೆಯೂ ಅದರ ಮನೆ ಫೋಲ್ಡರೂ ಹೋಗುತ್ತವೆ. ಎಂಟರ್ ಒತ್ತುವ ಮುಂಚೆ ಬರೆದ ಹೆಸರು ನಿಮ್ಮದಲ್ಲ ಎಂದು ಒಮ್ಮೆ ನೋಡಿಕೊಳ್ಳಿ.